ವೀಕೆಂಡಿಗೆ ಒಂದು ಮ್ಯೂಸಿಯಂ, ಪಾಟ್‌ಲಕ್‌ಗೆ ಒಂದು ಉತ್ತರ

ವರ್ಜೀನಿಯಾಗೆ ಬಂದು ತಿಂಗಳಾಯ್ತು, ವೀಕೆಂಡಿನಲ್ಲಿ ಇಂಡಿಯನ್ ಸ್ಟೋರ್, ದೇವಸ್ಥಾನ ಬಿಟ್ಟರೆ ಏನಿದೆ ಅಂತ ಕೇಳಿದ್ದೀರಿ. ಪಾಟ್‌ಲಕ್‌ನಲ್ಲಿ (ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟ) ಯಾರೋ "ಈ ಮೆಕ್ಸಿಕನ್ನರೆಲ್ಲ ಇಲ್ಲೀಗಲ್ಲು" ಅಂದರಂತೆ, ಅದು ನಿಜವಾ ಅಂತಲೂ ಕೇಳಿದ್ದೀರಿ. ಎರಡಕ್ಕೂ ಒಂದೇ ವಿಳಾಸ ಕೊಡುತ್ತೇನೆ.

ವಾಷಿಂಗ್ಟನ್ ಡಿ.ಸಿ.ಯ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂ. ಗ್ಯಾಲರಿ ಪ್ಲೇಸ್ ಮೆಟ್ರೋದಲ್ಲಿ ಇಳಿದರೆ ಹತ್ತಿರವೇ, ಟಿಕೆಟ್ ಕೂಡ ಇಲ್ಲ. ಅದೇ ಕಟ್ಟಡದಲ್ಲಿ ಪೋರ್ಟ್ರೇಟ್ ಗ್ಯಾಲರಿಯೂ ಇದೆ. ನಮ್ಮವರು ಅಧ್ಯಕ್ಷರ ಚಿತ್ರಗಳ ಮುಂದೆ ಸೆಲ್ಫಿ ತೆಗೆದುಕೊಂಡು ಊಟಕ್ಕೆ ಹೊರಟುಬಿಡುತ್ತಾರೆ. ನೀವು ಚಿಕಾನೋ ಪ್ರಿಂಟ್‌ಗಳನ್ನು ಹುಡುಕಿ. ಮೆಕ್ಸಿಕೋ ಮೂಲದ ಅಮೆರಿಕನ್ನರು 1960ರ ದಶಕದಿಂದ ಹೋರಾಟಕ್ಕೆಂದು ಮಾಡಿದ ಪೋಸ್ಟರ್‌ಗಳು ಅವು. ನಮ್ಮೂರಲ್ಲಿ ಮದುವೆ ಕಾರ್ಡಿಗೆ, ಬಟ್ಟೆ ಚೀಲಕ್ಕೆ ಮಾಡುತ್ತಾರಲ್ಲ, ಅದೇ ಸ್ಕ್ರೀನ್ ಪ್ರಿಂಟಿಂಗ್. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್. ಖರ್ಚು ಕಡಿಮೆ, ಬೇಗ ಆಗುತ್ತೆ, ಗೋಡೆಗೆ ಅಂಟಿಸಬಹುದು.

ನನಗೆ ತುಂಬಾ ಹಿಡಿಸಿದ್ದು ಎಸ್ಟರ್ ಹರ್ನಾಂಡೆಸ್ ಅವರ 1982ರ 'ಸನ್ ಮ್ಯಾಡ್'. ನಿಮ್ಮ ಅಡುಗೆಮನೆಯಲ್ಲೂ ಇರಬಹುದು, ಸನ್-ಮೇಡ್ ಒಣದ್ರಾಕ್ಷಿಯ ಕೆಂಪು ಡಬ್ಬಿ. ಬಾನೆಟ್ ಟೋಪಿ ಹಾಕಿಕೊಂಡ ಹುಡುಗಿ, ಕೈಯಲ್ಲಿ ದ್ರಾಕ್ಷಿ ಬುಟ್ಟಿ, ಹಿಂದೆ ಹಳದಿ ಸೂರ್ಯ. ಪ್ರಿಂಟಿನಲ್ಲಿ ಎಲ್ಲವೂ ಹಾಗೇ ಇದೆ, ಹುಡುಗಿ ಮಾತ್ರ ಅಸ್ಥಿಪಂಜರ. ಬಾನೆಟ್ ಒಳಗಿಂದ ತಲೆಬುರುಡೆ ಹಲ್ಲು ಕಿಸಿಯುತ್ತದೆ. ಕೆಳಗೆ ಕೀಟನಾಶಕ, ಕಳೆನಾಶಕ, ಶಿಲೀಂಧ್ರನಾಶಕಗಳ ಪಟ್ಟಿ. ಹರ್ನಾಂಡೆಸ್ ಬೆಳೆದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಕೃಷಿ ಕೂಲಿಗಳ ಮನೆಯಲ್ಲಿ. ಅಲ್ಲಿನ ನೀರಿಗೆ ಔಷಧಿ ಸೇರಿದೆ ಅಂತ ಗೊತ್ತಾದ ಸಿಟ್ಟು ಅದು. ವಿಜಯಪುರದ ಕಡೆಯವರಿಗೆ ದ್ರಾಕ್ಷಿ ತೋಟದ ಸ್ಪ್ರೇ ಬಗ್ಗೆ ನಾನು ಹೇಳಬೇಕಿಲ್ಲ.

ಹೋರಾಟಗಾರರ ಮುಖಗಳೂ ಇವೆ. ರೂಪರ್ಟ್ ಗಾರ್ಸಿಯಾ 1971ರಲ್ಲಿ ಮಾಡಿದ, ಕಪ್ಪು ಜನರ ಹಕ್ಕುಗಳ ಹೋರಾಟಗಾರ್ತಿ ಆ್ಯಂಜೆಲಾ ಡೇವಿಸ್ ಅವರ ಪೋಸ್ಟರ್ ಒಂದು. ಬಾರ್ಬರಾ ಕರಾಸ್ಕೋ 1999ರಲ್ಲಿ ಮಾಡಿದ 'ಡೊಲೊರೆಸ್' ಇನ್ನೊಂದು. ಈ ಡೊಲೊರೆಸ್ ವೆರ್ಟಾ ದ್ರಾಕ್ಷಿ ಕೂಲಿಗಳ ಸಂಘ ಕಟ್ಟಿದವರಲ್ಲಿ ಒಬ್ಬರು. 1965ರಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ ಫಿಲಿಪಿನೋ ಕೂಲಿಗಳು ಶುರುಮಾಡಿದ ಮುಷ್ಕರಕ್ಕೆ ಇವರ ಸಂಘವೂ ಸೇರಿತು. ದೇಶದ ಎಷ್ಟೋ ಜನ ದ್ರಾಕ್ಷಿ ಕೊಳ್ಳುವುದನ್ನೇ ಬಿಟ್ಟರು. 1970ರಲ್ಲಿ ತೋಟದ ಮಾಲೀಕರು ಒಪ್ಪಂದಕ್ಕೆ ಬಂದರು. ಎಲ್ಲ ಪೋಸ್ಟರೂ ಇಷ್ಟೇ ಚೆನ್ನಾಗಿವೆ ಅಂತಲ್ಲ. ಕೆಲವು ಸುಮ್ನೆ ಘೋಷಣೆ ಕೂಗುತ್ತವೆ.

ಇನ್ನು ಪಾಟ್‌ಲಕ್ ಮಾತು. ಯೊಲಾಂಡಾ ಲೋಪೆಸ್ 1978ರಲ್ಲಿ ಒಂದು ಪೋಸ್ಟರ್ ಮಾಡಿದರು. ಅಜ್ಟೆಕ್ ವೇಷದ ಸಿಟ್ಟಿನ ಗಂಡಸು, ಒಂದು ಕೈಯಲ್ಲಿ ಮುದುಡಿ ಹಿಡಿದ ವಲಸೆ ಯೋಜನೆಯ ಕಾಗದ, ಇನ್ನೊಂದು ಕೈಯ ಬೆರಳು ನೇರ ನಮ್ಮ ಮುಖಕ್ಕೆ. ಅಕ್ರಮವಾಗಿ ಬಂದವನು ಯಾರಯ್ಯಾ, ಅಂತ ಹಡಗಿನಲ್ಲಿ ಬಂದ ಬಿಳಿಯರನ್ನು ಕೇಳುತ್ತಾನೆ. 1848ರವರೆಗೆ ಕ್ಯಾಲಿಫೋರ್ನಿಯಾ ಮೆಕ್ಸಿಕೋದ್ದೇ ಆಗಿತ್ತು. ಅಮೆರಿಕದ ಎದುರು ಯುದ್ಧದಲ್ಲಿ ಸೋತು ಬಿಟ್ಟುಕೊಟ್ಟರು. ಅಲ್ಲಿದ್ದ ಎಷ್ಟೋ ಕುಟುಂಬಗಳು ಮನೆ ಬಿಟ್ಟು ಕದಲಲಿಲ್ಲ, ಗಡಿಯೇ ಅವರನ್ನು ದಾಟಿ ಹೋಯಿತು. ಕಾಗದವಿಲ್ಲದೆ ಬಂದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ "ಎಲ್ಲರೂ" ಅನ್ನುವುದು ಶುದ್ಧ ಸುಳ್ಳು. ಎಚ್1ಬಿ ವೀಸಾ ಸ್ಟಾಂಪಿಂಗ್‌ಗೆ ಹೆದರುವ ನಮ್ಮವರ ಬಾಯಲ್ಲಿ ಈ ಮಾತು ಬಂದರೆ ನನಗೆ ಜಾಸ್ತಿ ಕಿರಿಕಿರಿ.

ಹೊರಡುವ ಮುಂಚೆ ಮ್ಯೂಸಿಯಂ ವೆಬ್‌ಸೈಟ್ ನೋಡಿ. ಬೆಳಕಿಗೆ ಕಾಗದ ಹಾಳಾಗುತ್ತೆ, ಅದಕ್ಕೇ ಪ್ರಿಂಟ್‌ಗಳನ್ನು ಸದಾ ಗೋಡೆ ಮೇಲೆ ಇಟ್ಟಿರುವುದಿಲ್ಲ. ಬೆಳಿಗ್ಗೆ ಬೇಗ ಹೋಗಬೇಡಿ, ಬಾಗಿಲು ತೆಗೆಯುವುದು 11:30ಕ್ಕೆ.