ನನಗೆ ನಿಧಾನವಾಗಿ ಸುತ್ತೋದು ಇಷ್ಟ, ಗೆಳತಿಗೆ ಎಲ್ಲಾ ಜಾಗ ನೋಡಲೇಬೇಕು. ಇಬ್ಬರಿಗೂ ಒಪ್ಪುವ ಪ್ಲಾನ್ ಮಾಡೋದು ಹೇಗೆ?

ನಿಮ್ಮ ಪ್ರಶ್ನೆಯ ಕೊನೆಯ ಸಾಲಿಗೆ ಬಂದು ನಿಂತುಬಿಟ್ಟೆ. "ಸದ್ಯಕ್ಕೆ ನಿನ್ನಿಷ್ಟದ ಹಾಗೆ ಮಾಡು ಅಂತ ಅವಳಿಗೆ ಹೇಳಿದ್ದೇನೆ" ಅಂತ ಬರೆದಿದ್ದೀರಿ. ಇದೇ ಮಾತನ್ನು ನಾನೂ ಹೇಳಿದ್ದೆ. ಅದರಿಂದ ಹನ್ನೆರಡು ವರ್ಷಗಳಿಂದ ಗೆಳತಿಯಾಗಿದ್ದವಳ ಜೊತೆ ಒಂದೂವರೆ ವರ್ಷ ಮಾತು ಬಿಟ್ಟಿದ್ದೆ.

ನಾವು ಹೋಗಿದ್ದು ಇಟಲಿಗೆ. ಒಂಬತ್ತು ದಿನ, ನಾಲ್ಕು ಊರು: ರೋಮ್, ಫ್ಲಾರೆನ್ಸ್, ವೆನಿಸ್, ಮಿಲಾನ್. ಹೊರಡುವ ಎರಡು ತಿಂಗಳ ಮುಂಚೆಯೇ ಅವಳು ಎಕ್ಸೆಲ್ ಶೀಟ್ ಕಳಿಸಿದಳು. ಎಷ್ಟು ಹೊತ್ತಿಗೆ ಏಳಬೇಕು, ಯಾವ ಬಸ್ಸು, ಎಲ್ಲಿ ಎಷ್ಟು ನಿಮಿಷ, ಎಲ್ಲವೂ ಇತ್ತು. ರೋಮ್‌ನ ಹಳೆಯ ದೇವಾಲಯ ಪ್ಯಾಂಥಿಯಾನ್‌ಗೆ 25 ನಿಮಿಷ ಅಂತ ಹಾಕಿದ್ದಳು. ನೋಡುತ್ತಿದ್ದಂತೆ ನನಗೆ ಸುಸ್ತಾಯಿತು. ಇಷ್ಟು ಓಡೋಕೆ ನನ್ನಿಂದ ಆಗಲ್ಲ ಅಂತ ಆ ಕ್ಷಣಕ್ಕೇ ಗೊತ್ತಾಯಿತು. ಆದರೂ ನಾನು ಬರೆದ ಉತ್ತರ: "ಸೂಪರ್! ನಿನ್ನಿಷ್ಟ ಕಣೇ, ನನಗೆ ಯಾವುದಾದ್ರೂ ಓಕೆ."

ಈ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವು ಈಗ ನಿಂತಿರೋದು ಅಲ್ಲೇ. ನಾನು ಆಗ ಅಂದುಕೊಂಡಿದ್ದು, ಇದು ದೊಡ್ಡ ಮನಸ್ಸು ಅಂತ. ಅವಳು ಖುಷಿಯಾಗಿರಲಿ, ನಾನು ಹೊಂದಿಕೊಳ್ಳುತ್ತೇನೆ ಅಂತ. ಅದು ಹಾಗಿರಲಿಲ್ಲ. ಬೇಡ ಅಂದರೆ ಅವಳಿಗೆ ಬೇಜಾರಾಗುತ್ತದೆ, ಆ ಬೇಜಾರನ್ನು ಎದುರಿಸೋ ಧೈರ್ಯ ನನಗಿರಲಿಲ್ಲ. ಅಷ್ಟೇ. ಜೊತೆಗೆ, ಪ್ಲಾನ್ ಮಾಡುವ ಕೆಲಸವೂ ನನ್ನ ತಲೆಯಿಂದ ಇಳಿಯಿತು. ಅಂದರೆ ಹೊರೆ ಪೂರ್ತಿ ಅವಳದು, ತಪ್ಪು ಹುಡುಕುವ ಹಕ್ಕು ಮಾತ್ರ ನನ್ನದು. ಅವಳು ಮತ್ತೆ ಎರಡು ಸಲ ಕೇಳಿದಳು. "ಜಾಸ್ತಿ ಆಯ್ತಾ? ಏನಾದ್ರೂ ತೆಗೀಲಾ?" ಎರಡು ಸಲವೂ "ಇಲ್ಲ ಇಲ್ಲ, ಚೆನ್ನಾಗಿದೆ" ಅಂದೆ. ಮೊದಲ ಸಲ ಹೇಳಿದ್ದು ಸಂಕೋಚಕ್ಕೆ. ಮೂರನೇ ಸಲದ ಹೊತ್ತಿಗೆ ಅದು ಸುಳ್ಳೇ ಆಗಿತ್ತು.

ರೋಮ್‌ನಲ್ಲಿ ಎರಡನೇ ದಿನ ಪ್ಯಾಂಥಿಯಾನ್ ಒಳಗೆ ಹೋದಾಗ ಮಳೆ ಶುರುವಾಯಿತು. ಆ ಕಟ್ಟಡದ ಗುಮ್ಮಟಕ್ಕೆ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ಬಾಯಿ ಇದೆ. ಅದಕ್ಕೆ ಗಾಜಿಲ್ಲ, ಮುಚ್ಚಳವಿಲ್ಲ. 43 ಮೀಟರ್ ಎತ್ತರದಿಂದ ಮಳೆ ನೇರ ನೆಲಕ್ಕೆ ಬೀಳುತ್ತದೆ. ಕೆಳಗೆ ಬರುವ ಹೊತ್ತಿಗೆ ಹನಿ ಒಡೆದು ಪುಡಿಪುಡಿಯಾಗಿ, ಬೆಳಕಿನಲ್ಲಿ ಹೊಗೆಯ ಹಾಗೆ ಕಾಣುತ್ತಿತ್ತು. ನೆಲ ನಡುವೆ ಸ್ವಲ್ಪ ಉಬ್ಬಿದೆ. ಅಮೃತಶಿಲೆಯಲ್ಲಿ ಸಣ್ಣ ಸಣ್ಣ ತೂತುಗಳಿವೆ. ನೀರು ಅದರೊಳಗೆ ಇಳಿದುಹೋಗುವುದನ್ನು ನಾನು ಬಗ್ಗಿ ನೋಡುತ್ತಿದ್ದೆ. ಸುಮಾರು 1900 ವರ್ಷಗಳಿಂದ ಆ ಗುಮ್ಮಟ ಹಾಗೇ ನಿಂತಿದೆ, ಮಳೆ ಹಾಗೇ ಒಳಗೆ ಬರುತ್ತಿದೆ. ನನಗೆ ಅಲ್ಲೇ ಗೋಡೆಗೆ ಒರಗಿ ಮಳೆ ನಿಲ್ಲುವ ತನಕ ಇರಬೇಕು ಅನ್ನಿಸಿತು. ಅವಳು ತೋಳು ಮುಟ್ಟಿ "ಹೊರಡೋಣ್ವಾ, ಟೈಮಾಯ್ತು" ಅಂದಳು. "ಇನ್ನೊಂದು ಅರ್ಧ ಗಂಟೆ ಇರೋಣ" ಅನ್ನೋದಕ್ಕೆ ಎಷ್ಟು ಹೊತ್ತು ಬೇಕಿತ್ತು ಹೇಳಿ? ಹೇಳಲಿಲ್ಲ. "ಹ್ಞೂಂ" ಅಂತ ಎದ್ದೆ. ಮನಸ್ಸಿನೊಳಗೆ ಮಾತ್ರ ಅವತ್ತಿನಿಂದ ಲೆಕ್ಕ ಬರೆಯಲು ಶುರು ಮಾಡಿದೆ.

ಇನ್ನೊಂದು ವಿಷಯ ಪ್ಲಾನ್ ಮಾಡುವಾಗ ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ. ಶೀಟಿನಲ್ಲಿ ಅದು ಒಂದೂವರೆ ಗಂಟೆ ಅಂತಲೇ ಕಾಣುತ್ತದೆ. ಆದರೆ ಬ್ಯಾಗ್ ಕಟ್ಟಬೇಕು, ರೂಮ್ ಖಾಲಿ ಮಾಡಬೇಕು, ಸ್ಟೇಷನ್‌ಗೆ ಮುಂಚೆಯೇ ಹೋಗಬೇಕು, ಹೊಸ ಊರಿನಲ್ಲಿ ದಾರಿ ಹುಡುಕಬೇಕು, ರೂಮ್ ಸಿಗುವ ತನಕ ಬ್ಯಾಗ್ ಎಲ್ಲಾದರೂ ಇಡಬೇಕು. ಊರು ಬದಲಿಸಿದಾಗಲೆಲ್ಲ ಅರ್ಧ ದಿನ ಹೋಗುತ್ತದೆ. ನಮಗೆ ಮೂರು ಸಲ, ಅಂದರೆ ಒಂದೂವರೆ ದಿನ. ನಿಮ್ಮ ಎಂಟು ದಿನದಲ್ಲೂ ನಾಲ್ಕು ಊರಿದೆ ಅಲ್ವಾ? ಒಂದು ಊರನ್ನು ಕಣ್ಣು ಮುಚ್ಚಿ ತೆಗೆದುಹಾಕಿ. ವೇಗವಾಗಿ ಸುತ್ತುವವರಿಗೂ ಇದರಿಂದ ಲಾಭವೇ.

ಜಗಳ ಆಗಿದ್ದು ವೆನಿಸ್‌ನಲ್ಲಿ. ಆ ಊರಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆಲ್ಲ ಮೆಟ್ಟಿಲು. ಸೂಟ್‌ಕೇಸ್ ಎತ್ತಿಕೊಂಡು ಐದನೆಯದೋ ಆರನೆಯದೋ ಸೇತುವೆ ಹತ್ತುವಾಗ ನನ್ನ ಸೂಟ್‌ಕೇಸಿನ ಚಕ್ರ ಕಿತ್ತುಬಂತು. ಅಲ್ಲೇ ಮೆಟ್ಟಿಲ ಮೇಲೆ ನಿಂತು ಆರು ದಿನದ ಲೆಕ್ಕವನ್ನೆಲ್ಲ ಒಟ್ಟಿಗೆ ಒಪ್ಪಿಸಿದೆ. "ಇಷ್ಟೆಲ್ಲ ಓಡಿಸಿ ಏನು ತೋರಿಸಿದೆ ನನಗೆ?" ಅಂತ ಕೇಳಿದೆ. ಅವಳು ತಿರುಗಿ ಕಿರುಚಲಿಲ್ಲ. "ನೀನೇ ತಾನೇ ಓಕೆ ಅಂದಿದ್ದು?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮರುದಿನ ಬೇರೆ ಬೇರೆ ಹೊರಟೆವು. ಅವಳು ಸಂತ ಮಾರ್ಕನ ಗಂಟೆಗೋಪುರ ಹತ್ತಿದಳು. 1902ರಲ್ಲಿ ಕುಸಿದುಬಿದ್ದು 1912ರಲ್ಲಿ ಮತ್ತೆ ಕಟ್ಟಿದ ಗೋಪುರ ಅದು. ನಾನು ಬಸ್ಸಿನ ಹಾಗೆ ಓಡುವ ಒಂದನೇ ನಂಬರಿನ ದೋಣಿ ಹತ್ತಿ ಕೂತೆ. ಅದು ದೊಡ್ಡ ಕಾಲುವೆಯ ಆ ದಡ ಈ ದಡ ಮುಟ್ಟುತ್ತಾ ನಿಧಾನವಾಗಿ ಹೋಗುತ್ತದೆ. ಕೊನೆಯ ತನಕ ಹೋಗಿ, ಅದೇ ದೋಣಿಯಲ್ಲಿ ವಾಪಸ್ ಬಂದೆ. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಇಷ್ಟವಾದ ದಿನ ಅದು. ಅವಳಿಗೂ ಅದೇ ದಿನ ಅಂತ ಆಮೇಲೆ ಗೊತ್ತಾಯಿತು. ಆದರೆ ಸಂಜೆ ರೂಮಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಊರಿಗೆ ಬಂದ ಮೇಲೂ ಬಿಡಲಿಲ್ಲ.

ಒಂದೂವರೆ ವರ್ಷದ ನಂತರ ನಾನೇ ಫೋನ್ ಮಾಡಿದೆ. ಅವತ್ತು ಅವಳು ಹೇಳಿದ ಮಾತಿಗೆ ನಾನು ಸಿದ್ಧಳಿರಲಿಲ್ಲ. ಅವಳಿಗೂ ಆ ಓಟ ಸಾಕಾಗಿತ್ತಂತೆ. "ನೀನು ಏನೂ ಬೇಕು ಅನ್ನಲಿಲ್ಲ. ಯಾವುದು ನಿನಗೆ ಇಷ್ಟ ಆಗುತ್ತೋ ಗೊತ್ತಿಲ್ಲ, ಅದಕ್ಕೇ ಎಲ್ಲಾನೂ ಸೇರಿಸಿದೆ. ಇಷ್ಟು ದೂರ ಬಂದು ಏನೂ ನೋಡಲಿಲ್ಲ ಅಂತ ನೀನು ಅನ್ನಬಾರದು ಅನ್ನೋ ಹೆದರಿಕೆ ನನಗೆ" ಅಂದಳು. ನಾನು ಯಾರನ್ನು ಓಡುವ ಸ್ವಭಾವದವಳು ಅಂತ ದೂರಿದ್ದೆನೋ ಅವಳು ಓಡಿದ್ದು ನನ್ನ ಮೌನಕ್ಕೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. "ನಾನು ನಿಧಾನ, ಅವಳು ವೇಗ" ಅಂತ ಶುರು ಮಾಡಿದ್ದೀರಿ. ಜನರನ್ನು ಹಾಗೆ ಎರಡು ಡಬ್ಬಿಗೆ ಹಾಕೋಕಾಗಲ್ಲ. ಅವಳ ಪಟ್ಟಿ ಯಾಕೆ ಅಷ್ಟು ಉದ್ದವಿದೆ ಅಂತ ಕೇಳಿದ್ದೀರಾ? ರಜೆ ಕಡಿಮೆ ಇರಬಹುದು, ಮತ್ತೆ ಈ ಕಡೆ ಬರೋದಿಲ್ಲ ಅನ್ನಿಸಿರಬಹುದು, ಅಥವಾ ನಿಮಗೋಸ್ಕರವೇ ಇರಬಹುದು. ಇಬ್ಬರಿಗೂ ಒಪ್ಪುವ ಒಂದೇ ಪ್ಲಾನ್ ಹುಡುಕೋದೂ ಬೇಡ. ಅರ್ಧಂಬರ್ಧ ಸೇರಿಸಿ ಮಾಡಿದ ಪ್ಲಾನ್ ಇಬ್ಬರಿಗೂ ಬೇಡವಾಗಿರುತ್ತದೆ.

ಆಮೇಲೆ ನಾವು ಜಪಾನಿನ ಕ್ಯೋಟೋಗೆ ಹೋದೆವು. ಐದು ರಾತ್ರಿ, ಒಂದೇ ರೂಮ್. ಹತ್ತಿರದ ನಾರಾ ಊರು ನೋಡಬೇಕೆಂದಾಗ ಬ್ಯಾಗ್ ರೂಮಿನಲ್ಲೇ ಬಿಟ್ಟು ರೈಲಿನಲ್ಲಿ ಹೋಗಿ ಸಂಜೆಗೆ ವಾಪಸ್ ಬಂದೆವು. ಅವಳಿಗೆ ಐದಕ್ಕೆಲ್ಲ ಎಚ್ಚರವಾಗುತ್ತದೆ, ನನಗೆ ಒಂಬತ್ತರ ತನಕ ತಲೆ ಓಡಲ್ಲ. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ, ದೇಹದ ಗಡಿಯಾರ ಒಬ್ಬೊಬ್ಬರಿಗೆ ಒಂದೊಂದು ಥರ. ಫುಶಿಮಿ ಇನಾರಿ ದೇಗುಲ ಹಗಲು ರಾತ್ರಿ ತೆರೆದೇ ಇರುತ್ತದೆ. ಜನ ಸೇರುವ ಮೊದಲೇ ಅವಳು ಅಲ್ಲಿನ ದಾರಿಯುದ್ದಕ್ಕೂ ಇರುವ ಕೆಂಪು ಕಮಾನುಗಳ ಕೆಳಗೆ 233 ಮೀಟರ್ ಎತ್ತರದ ಬೆಟ್ಟದ ತುದಿಗೆ ಹೋಗಿಬಂದಳು. ನಾನು ನಿದ್ದೆ ಮುಗಿಸಿ ಕಾಮೋ ನದಿಗೆ ಹೋದೆ. ಅಲ್ಲಿ ನೀರಿನ ನಡುವೆ ದಾಟಲು ಆಮೆ ಆಕಾರದ ಕಲ್ಲುಗಳಿವೆ. ಒಂದರಿಂದ ಇನ್ನೊಂದಕ್ಕೆ ಕಾಲಿಡುತ್ತಾ, ನಡುವಿನ ಒಂದು ಆಮೆಯ ಮೇಲೆ ಸುಮ್ನೆ ಕೂತೆ. ಕಾಲ ಕೆಳಗೆ ನೀರಿನ ಸದ್ದು ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಮಧ್ಯಾಹ್ನ ನಿಜೋ ಕೋಟೆಯಲ್ಲಿ ಸೇರಿದೆವು, ಯಾಕೆಂದರೆ ಅದು ಇಬ್ಬರ ಪಟ್ಟಿಯಲ್ಲೂ ಇತ್ತು. ಅಲ್ಲಿನ ಅರಮನೆಯ ಹಲಗೆ ನೆಲ ಹೆಜ್ಜೆ ಇಟ್ಟರೆ ಹಕ್ಕಿಯ ಹಾಗೆ ಚಿಂವ್‌ಗುಟ್ಟುತ್ತದೆ. ಇಬ್ಬರೂ ಮಾತಾಡದೆ, ಬೇಕಂತಲೇ ನಿಧಾನವಾಗಿ ನಡೆದೆವು.

ಹಣದ ವಿಷಯ ಕೇಳಿದ್ದೀರಿ. ರೂಮಿಗೆ ಎಷ್ಟು ಅಂತ ಮೊದಲೇ ಒಪ್ಪಿಕೊಳ್ಳಿ, ಉಳಿದದ್ದು ಅವರವರ ಜೇಬು. ಅದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ನಿಮ್ಮ ಗೆಳತಿಯ ಪಟ್ಟಿಯಲ್ಲಿ ನಿಮಗೆ ನಿಜವಾಗಿ ಬೇಕಾದ ಎರಡು ಜಾಗ ಯಾವುದು, ಯಾವುದಕ್ಕೆ ನೀವು ಬರೋದಿಲ್ಲ, ದಿನಕ್ಕೆ ಎಷ್ಟು ಹೊತ್ತು ಒಬ್ಬರೇ ಇರಬೇಕು, ಇಷ್ಟನ್ನು ಅವಳಿಗೆ ಹೇಳಿ. ಅವಳ ಎರಡು ಜಾಗ ಯಾವುದು ಅಂತ ಕೇಳಿ. ಅವಳಿಗೆ ಸ್ವಲ್ಪ ಬೇಜಾರಾಗಬಹುದು, ಆಗಲಿ. ರೈಲಿನ ಟಿಕೆಟ್ ಇನ್ನೂ ಆಗಿಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಇವತ್ತು ರಾತ್ರಿಯೇ ಮಾತಾಡಿ. ಮೆಸೇಜ್ ಬೇಡ, ಫೋನ್ ಮಾಡಿ.