‘ಸ್ಪೋರ್‌ಲೋಸ್’ ಲೇಖನ ಕಳಿಸಿದವರಿಗೆ

ಪ್ರಿಯ ಲೇಖಕರೇ,

ನಿರ್ದೇಶಕ ಜಾರ್ಜ್ ಸ್ಲೂಯ್ಜರ್ 1988ರ ತಮ್ಮದೇ ಡಚ್ ಥ್ರಿಲ್ಲರ್ ‘ಸ್ಪೋರ್‌ಲೋಸ್’ ಚಿತ್ರವನ್ನು 1993ರಲ್ಲಿ ಅಮೆರಿಕದವರಿಗಾಗಿ ‘ದಿ ವ್ಯಾನಿಶಿಂಗ್’ ಎಂದು ಮತ್ತೆ ತೆಗೆದದ್ದರ ಬಗ್ಗೆ ನೀವು ಬರೆದ ಲೇಖನ ಓದಿದೆ. ಭಾಷೆ ಹದವಾಗಿದೆ, ಎರಡೂ ಚಿತ್ರ ನೋಡಿಯೇ ಬರೆದಿದ್ದೀರಿ. ಆದರೆ ನಾಲ್ಕನೇ ಪ್ಯಾರಾ ನನ್ನನ್ನು ಕೆರಳಿಸಿತು.

“ಹಾಲಿವುಡ್ ಅಂತ್ಯವನ್ನೇ ಬದಲಿಸಿತು” ಎನ್ನುತ್ತೀರಿ. ಇನ್ನೊಮ್ಮೆ ನೋಡಿ. ಎರಡೂ ಚಿತ್ರಗಳಲ್ಲಿ, ಕಾಣೆಯಾದ ಗೆಳತಿಯನ್ನು ಹುಡುಕುತ್ತಿರುವ ನಾಯಕ (ಮೂಲದಲ್ಲಿ ರೆಕ್ಸ್) ಹಂತಕ ಕೊಟ್ಟ ಮತ್ತಿನ ಔಷಧಿ ಬೆರೆಸಿದ ಕಾಫಿ ಕುಡಿಯುತ್ತಾನೆ, ಮಣ್ಣಿನಡಿ ಎಚ್ಚರಗೊಳ್ಳುತ್ತಾನೆ. ಮೂಲ ಅಲ್ಲಿಗೆ ಮುಗಿಯುತ್ತದೆ. ರಿಮೇಕ್ ಮುಂದುವರಿಯುತ್ತದೆ: ನಾಯಕನ ಹೊಸ ಗೆಳತಿ ರೀಟಾ ಬರುತ್ತಾಳೆ, ನಾಯಕ ಬದುಕುತ್ತಾನೆ, ಹಂತಕ ಸಾಯುತ್ತಾನೆ. ಈ ಮುಂದುವರಿಕೆಗೆ ಬೇಕಾದ ತಯಾರಿ ಬಹಳ ಹಿಂದೆಯೇ ನಡೆದಿದೆ. ಮೂಲದ ಹೊಸ ಗೆಳತಿ ಲೀನೆಕೆ, ರೆಕ್ಸ್‌ನ ಹುಚ್ಚು ತಾಳಲಾರದೆ ಅವನನ್ನು ಬಿಟ್ಟುಹೋಗುತ್ತಾಳೆ. ಹಾಗಾಗಿ ಅವನು ಹಂತಕನ ಕಾರು ಹತ್ತುವಾಗ ಹಿಂದೆ ಹುಡುಕಿ ಬರುವವರೇ ಇಲ್ಲ. ಅದೇ ಪಾತ್ರವನ್ನು ರಿಮೇಕ್ ರೀಟಾ ಆಗಿ ಬೆಳೆಸಿ ಕೊನೆಯವರೆಗೂ ಉಳಿಸಿಕೊಂಡಿದೆ. ಬದಲಾವಣೆಯ ಬೇರು ಇಲ್ಲಿದೆ. ನಿಮ್ಮ ಲೇಖನದಲ್ಲಿ ಲೀನೆಕೆಯ ಹೆಸರೇ ಇಲ್ಲ.

ಮುಂದಿನ ಸಾಲು: “ಹಂತಕನ ಮನಸ್ಸನ್ನು ಮೂಲ ಚಿತ್ರ ಅದ್ಭುತವಾಗಿ ಕಟ್ಟಿಕೊಡುತ್ತದೆ.” ಹೇಗೆ ಕಟ್ಟಿಕೊಡುತ್ತದೆ? ರಸಾಯನಶಾಸ್ತ್ರದ ಮೇಷ್ಟ್ರು ಲೆಮೋರ್ನ್ ಕ್ಲೋರೋಫಾರಂ ಅನ್ನು ಮೊದಲು ತನ್ನ ಮೇಲೇ ಪ್ರಯೋಗಿಸಿ, ಎಷ್ಟು ಹೊತ್ತು ಮೈಮರೆತಿದ್ದೆ ಎಂದು ಗಡಿಯಾರ ನೋಡಿಕೊಳ್ಳುತ್ತಾನೆ. ಖಾಲಿ ಕಾರಿನಲ್ಲಿ ಒಬ್ಬನೇ ಅಪಹರಣದ ತಾಲೀಮು ಮಾಡಿ ನಾಡಿ ಎಣಿಸುತ್ತಾನೆ. ಹಳ್ಳಿಮನೆಯಲ್ಲಿ ಹೆಂಡತಿ ಮಕ್ಕಳು ಆಟವೆಂದುಕೊಂಡು ಚೀರುತ್ತಾರೆ. ಕೂಗು ಆಚೆ ಕೇಳುತ್ತದೆಯೇ ಎಂಬುದಷ್ಟೇ ಅವನಿಗೆ ಬೇಕು. ಈ ಮೂರರಲ್ಲಿ ಒಂದನ್ನು ಬರೆದಿದ್ದರೂ ‘ಅದ್ಭುತ’ ಬೇಕಾಗುತ್ತಿರಲಿಲ್ಲ. ಇದರ ಜಾಗವೂ ಮುಖ್ಯ. ಮೂಲದಲ್ಲಿ ಈ ತಾಲೀಮು ಬರುವುದು ರೆಕ್ಸ್‌ನ ಗೆಳತಿ ಸಾಸ್ಕಿಯಾ ಕಾಣೆಯಾದ ಮೇಲೆ, ನಮಗೆ ಅವಳ ಬಗ್ಗೆ ಮಮತೆ ಹುಟ್ಟಿದ ಮೇಲೆ. ರಿಮೇಕ್ ಶುರುವಾಗುವುದೇ ಹಂತಕನ ತಾಲೀಮಿನಿಂದ, ಜೋಡಿ ಆಮೇಲೆ ಬರುತ್ತದೆ.

“ಅಮೆರಿಕದವರಿಗೆ ಸುಖಾಂತ್ಯವೇ ಬೇಕು.” ಇದನ್ನು ಹೊಡೆದುಹಾಕಿ. ಆಸ್ಟ್ರಿಯಾದ ನಿರ್ದೇಶಕ ಮೈಕೆಲ್ ಹನೆಕೆ ತಮ್ಮದೇ 1997ರ ‘ಫನ್ನಿ ಗೇಮ್ಸ್’ ಅನ್ನು 2007ರಲ್ಲಿ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಶಾಟ್‌ಗೆ ಶಾಟ್ ತೆಗೆದರು. ಕಥೆಯಲ್ಲಿ ದಾಳಿಗೆ ಸಿಕ್ಕ ಮನೆಯವರಲ್ಲಿ ಇಂಗ್ಲಿಷ್ ಚಿತ್ರದಲ್ಲೂ ಯಾರೂ ಉಳಿಯುವುದಿಲ್ಲ.

“ನಿರ್ದೇಶಕರು ಸ್ಟುಡಿಯೋಗೆ ಮಣಿದರು.” ಅವರ ಮನಸ್ಸಿನಲ್ಲಿ ಏನಿತ್ತೆಂದು ನಿಮಗೆ ಹೇಳಿದವರು ಯಾರು? ಟೈಟಲ್ ಕಾರ್ಡ್ ಓದಿ: ಮೂಲದ ಚಿತ್ರಕಥೆಯಲ್ಲಿ ಈ ಕಥೆಯ ಕಾದಂಬರಿ ಬರೆದ ಟಿಮ್ ಕ್ರಾಬೆ ಇದ್ದಾರೆ, ರಿಮೇಕಿನದು ಟಾಡ್ ಗ್ರಾಫ್ ಅವರದು. ಅಷ್ಟನ್ನು ಧೈರ್ಯವಾಗಿ ಬರೆಯಬಹುದು.

ನಾನು ಸಿನಿಮಾ ಪುಟದಲ್ಲಿ ಕೆಲಸ ಕಲಿಯುವಾಗ ಇಂಥ ಲೇಖನಕ್ಕೆ ಹಾಳೆಯ ನಡುವೆ ಗೆರೆ ಎಳೆಸುತ್ತಿದ್ದರು. ಎಡಕ್ಕೆ ಮೂಲದ ದೃಶ್ಯ, ಬಲಕ್ಕೆ ರಿಮೇಕಿನದು, ಪ್ರತಿಯೊಂದರ ಪಕ್ಕ ನಿಮಿಷ. ಯಾವ ಸಾಲಿನಲ್ಲಿ ಒಂದು ಬದಿ ಖಾಲಿಯೋ ಅಲ್ಲಿಂದ ಬರವಣಿಗೆ. ನೀವೂ ಹಾಗೆ ಮಾಡಿ, ಆ ಒಂದು ಪ್ಯಾರಾವನ್ನು ಹೊಸದಾಗಿ ಬರೆದು ಕಳಿಸಿ. ಉಳಿದದ್ದನ್ನು ಆಮೇಲೆ ನೋಡೋಣ.