ತಾರೀಕು ನೋಡಿ ರಾಶಿ ಬರೆಯಬೇಡ, ನಕ್ಷತ್ರ-ಪಾದ ಕೇಳು

ತಂಗೀ, ನೀನು ಕುಮಟಾದಿಂದ ಕೇಳಿದ್ದನ್ನು ನಿನ್ನೆ ರಾತ್ರಿಯೇ ಓದಿದೆ. ಪರಾಭವ ಸಂವತ್ಸರದ ಯುಗಾದಿಗೆ ದೇವಸ್ಥಾನದಲ್ಲಿ ಪಂಚಾಂಗ ಶ್ರವಣ ಮುಗಿದ ಮೇಲೆ, ರಾಶಿಗೊಂದು ಹಳೆ ಕನ್ನಡ ಸಿನಿಮಾದ ದೃಶ್ಯ ತೋರಿಸಿ ವರ್ಷಫಲ ಹೇಳಬೇಕು, ಯಾವ ರಾಶಿಗೆ ಯಾವುದು ಹೊಂದುತ್ತದೆ ಅಂತ. ನನಗೆ ಎರಡೂ ಪ್ರೀತಿಯ ವಿಷಯ. ಉದ್ದವಾದರೂ ಓದು.

ಮೊದಲು ನಿನ್ನ ಪಟ್ಟಿ ತಿದ್ದಬೇಕು. ಹುಟ್ಟಿದ ತಾರೀಕು ನೋಡಿ ರಾಶಿ ಬರೆದಿದ್ದೀಯ, ಅದು ಸೂರ್ಯನ ಲೆಕ್ಕ. ನಮ್ಮಲ್ಲಿ ಫಲ ನೋಡುವುದು ಜನ್ಮರಾಶಿಗೆ, ಹುಟ್ಟಿದ ಹೊತ್ತಿಗೆ ಚಂದ್ರ ಇದ್ದ ರಾಶಿಗೆ. ಚಂದ್ರ ಒಂದು ರಾಶಿಯಲ್ಲಿ ಇರುವುದು ಸುಮಾರು ಎರಡೂಕಾಲು ದಿನ ಅಷ್ಟೇ. ಹಾಗಾಗಿ ಎಲ್ಲರ ಹತ್ತಿರ ನಕ್ಷತ್ರ, ಪಾದ (ನಕ್ಷತ್ರದ ನಾಲ್ಕನೇ ಒಂದು ಭಾಗ) ಎರಡನ್ನೂ ಕೇಳು. ಕೃತ್ತಿಕೆ 1ನೇ ಪಾದ ಮೇಷಕ್ಕೆ ಹೋಗುತ್ತದೆ, ಉಳಿದ 3 ಪಾದ ವೃಷಭಕ್ಕೆ.

ಇನ್ನು ಸಿನಿಮಾ. ಇಡೀ ಕಥೆ ಹೊಂದಿಸಲು ಹೋದರೆ ಕೆಡುತ್ತದೆ, ಏಕೆಂದರೆ ಗೋಚಾರ, ಅಂದರೆ ಗ್ರಹಗಳ ಈಗಿನ ಸಂಚಾರ, ಹೇಳುವುದು ಒಂದು ವರ್ಷದ ಮಾತು. ಒಂದೇ ದೃಶ್ಯ ಆರಿಸು. ದೃಗ್ಗಣಿತದ (ಆಕಾಶದಲ್ಲಿ ಕಾಣುವ ಗ್ರಹಸ್ಥಿತಿಗೆ ಹೊಂದುವ ಲೆಕ್ಕದ) ಪ್ರಕಾರ ಶನಿ 2025ರ ಮಾರ್ಚ್‌ನಿಂದ ಮೀನದಲ್ಲಿದ್ದಾನೆ, ಅಲ್ಲಿಂದ ಹಿಡಿ. ವೃಷಭಕ್ಕೆ ಅದು ಹನ್ನೊಂದನೇ ಮನೆ, ಲಾಭಸ್ಥಾನ. ಇದಕ್ಕೆ ‘ಬಂಗಾರದ ಮನುಷ್ಯ’ (1972) ಬಿಟ್ಟು ಬೇರೆ ಹುಡುಕಬೇಡ. ರಾಜೀವ ಬರಡು ನೆಲ ಹಸನು ಮಾಡುವ ಭಾಗ ಹಾಕು, ಮನೆ ಬಿಟ್ಟು ಹೋಗುವ ಕೊನೆ ಬೇಡ. ತೋಟ ಮಾಡಿದ ನಮ್ಮ ಜನಕ್ಕೆ ವಿವರಿಸುವ ಅಗತ್ಯವೇ ಇಲ್ಲ.

ಸಿಂಹಕ್ಕೆ ಅದೇ ಶನಿ ಎಂಟನೇ ಮನೆಯವನು, ಕಷ್ಟದ ಜಾಗ. ಇಲ್ಲಿ ‘ಕಸ್ತೂರಿ ನಿವಾಸ’ (1971). ಎಲ್ಲ ಕಳೆದುಕೊಂಡ ರವಿವರ್ಮ, ಮನೆಗೆ ಬಂದವಳಿಗೆ ಊಟ ಹಾಕಲು ಸಾಕಿದ ಪಾರಿವಾಳವನ್ನೇ ಮಾರಿದ್ದಾನೆ. ಉಂಡ ಮೇಲೆ ಅವಳು ಮಗುವಿಗಾಗಿ ಕೇಳುವುದೂ ಅದೇ ಪಾರಿವಾಳವನ್ನು. ಎಷ್ಟು ಸಲ ನೋಡಿದರೂ ಆ ಹೊತ್ತಿಗೆ ನನ್ನ ಗಂಟಲು ಕಟ್ಟುತ್ತದೆ. ಕೊಟ್ಟು ಮಾತ್ರ ಗೊತ್ತಿರುವ, ಕೇಳಲು ಬಾರದ ಸಿಂಹದ ಮನಸ್ಸು ಅಲ್ಲಿದೆ. ಈ ವರ್ಷ ಜಾಮೀನು ಸಹಿ, ಕೈಗಡ ಎರಡರಲ್ಲೂ ಹಿಡಿತ ಇರಲಿ, ಕಷ್ಟ ಬಂದರೆ ಬಾಯಿಬಿಟ್ಟು ಹೇಳಿ ಅಂತ ಫಲ ಓದು.

ವೃಶ್ಚಿಕದಲ್ಲಿ ಚಂದ್ರ ನೀಚ, ಅಂದರೆ ಬಲ ಕುಗ್ಗಿದವನು. ನೋವನ್ನು ಒಳಗೇ ಇಟ್ಟುಕೊಂಡು ಒಂದು ದಿನ ಹೆಡೆ ಎತ್ತುವ ಸ್ವಭಾವ. ‘ನಾಗರಹಾವು’ (1972) ರಾಮಾಚಾರಿಯೇ ಸರಿ. ಆದರೆ ಜಗಳದ ದೃಶ್ಯ ಬೇಡ. 2026ರ ಜೂನ್‌ನಲ್ಲಿ ಗುರು ಕರ್ಕಾಟಕಕ್ಕೆ ಬಂದು ಉಚ್ಚನಾಗುತ್ತಾನೆ, ಅಂದರೆ ಪೂರ್ಣ ಬಲ ಪಡೆಯುತ್ತಾನೆ, ಅಲ್ಲಿಂದ ಅವನ ಐದನೇ ದೃಷ್ಟಿ ವೃಶ್ಚಿಕದ ಮೇಲೆ. ಹಾಗಾಗಿ ಚಾಮಯ್ಯ ಮೇಷ್ಟ್ರು ಅವನನ್ನು ಹತ್ತಿರ ಕರೆದು ಮಾತಾಡಿಸುವುದನ್ನು ತೋರಿಸು.

ಸಾಡೇಸಾತಿಯ (ಜನ್ಮರಾಶಿ, ಅದರ ಹಿಂದಿನ ಮತ್ತು ಮುಂದಿನ ರಾಶಿಯಲ್ಲಿ ಶನಿ ಸಾಗುವ ಏಳೂವರೆ ವರ್ಷ) ಮೂರೂ ರಾಶಿಗೆ ‘ಸತ್ಯ ಹರಿಶ್ಚಂದ್ರ’ (1965) ಒಂದೇ ಸಾಕು. ಮೇಷಕ್ಕೆ ಶುರು, ರಾಜ್ಯ ಬಿಟ್ಟುಕೊಡುವ ಸಭೆ. ಮೀನಕ್ಕೆ ನಡುಭಾಗ, ವೀರಬಾಹುವಿನ ಚಾಕರಿ. ಕುಂಭಕ್ಕೆ ಮುಗಿಯುವ ಹೊತ್ತು, ಎಲ್ಲ ಮರಳಿ ಸಿಗುವುದು. ಕುಂಭದವರಿಂದಲೇ ಶುರು ಮಾಡು, ಉಳಿದವರಿಗೆ ಧೈರ್ಯ ಬರಲಿ. ನಮ್ಮ ಅತ್ತಿಗೆ ಎಲ್ಲೋ ಸಾಡೇಸಾತಿ ಅಂತ ಓದಿ, ಆ ಮಳೆಗಾಲ ಅಡಿಕೆಗೆ ಔಷಧಿ ಹೊಡೆಸುವುದನ್ನೇ ಮುಂದೂಡಿದ್ದರು. ಕೊಳೆ ರೋಗ ಬಂದು ಅರ್ಧ ಫಸಲು ಉದುರಿತು. ಹೆದರಿಸುವ ಫಲ ಯಾರಿಗೂ ಓದಬೇಡ ಅಂತ ನಾನು ಇಷ್ಟು ಹೇಳುವುದು ಅದಕ್ಕೇ.

ಒಂದು ಸಿನಿಮಾ ಮಾತ್ರ ತೆಗೆದುಬಿಡು. ಕರ್ಕಾಟಕಕ್ಕೆ ‘ಶರಪಂಜರ’ ಬರೆದಿದ್ದೀಯ. ಚಂದ್ರ ಮನಃಕಾರಕ (ಮನಸ್ಸನ್ನು ಆಳುವವನು), ಅದು ಚಂದ್ರನದೇ ಮನೆ ಎಂಬ ಲೆಕ್ಕ ಇರಬಹುದು. ಆದರೆ ಅದರ ನಾಯಕಿ ಕಾವೇರಿ ಮನಸ್ಸಿನ ಕಾಯಿಲೆ ಗುಣವಾಗಿ ಮನೆಗೆ ಬಂದವಳು. ಮತ್ತೆ ಅವಳನ್ನು ಕೆಡವಿದ್ದು ಸುತ್ತಲಿನವರ ನೋಟ, ಗ್ರಹವಲ್ಲ. ಸಭೆಯಲ್ಲಿ ಅಂಥ ಮನೆಯವರು ಕೂತಿರುತ್ತಾರೆ.

ದೃಶ್ಯ ಮೂರು ನಿಮಿಷ ದಾಟದಿರಲಿ. ಹಳೆ ಪ್ರತಿಗಳಲ್ಲಿ ಮಾತು ಸಣ್ಣಗೆ ಕೇಳುತ್ತದೆ, ಹಿಂದಿನ ದಿನವೇ ದೇವಸ್ಥಾನದ ಸ್ಪೀಕರಿಗೆ ಹಾಕಿ ನೋಡು. ಪಟ್ಟಿ ತಿದ್ದಿ ಇಲ್ಲೇ ಹಾಕು, ಪಾದ ಸರಿಯಿದೆಯಾ ನೋಡಿಕೊಡುತ್ತೇನೆ.